ನೂರಾ ಹದಿನಾಲ್ಕಕ್ಕೆ ಬೇಡ್ಕೊಂಡಿದ್ದು

ಸೂಜಿ ಅಂದ್ರೆ ಅವಳ ಹೆಸರೇನಲ್ಲ. ಚಿಕ್ಕೋಳಿದ್ದಾಗ ಕಡ್ಡಿ ಹಂಗಿದ್ಲು, ಬಾಯಿ ಬಿಟ್ರೆ ಮಾತ್ರ ಚುಚ್ಚೋಳು, ಅದಕ್ಕೇ ಅಣ್ಣ ಇಟ್ಟ ಅಡ್ಡಹೆಸರು. ಅಂಟ್ಕೊಂಡಿದ್ದು ಬಿಡಲೇ ಇಲ್ಲ. ಈಗ ವಯಸ್ಸು ಇಪ್ಪತ್ತೊಂಬತ್ತು. ಚುಚ್ಚೋದು ಕಮ್ಮಿ ಆಗಿದೆ, ಕಡ್ಡಿ ಮಾತ್ರ ಹಂಗೇ ಇದೆ. ಸಾಲದು ಅಂತ ಹೊಟ್ಟೆಪಾಡಿನ ಕೆಲಸಾನೂ ಸೂಜೀದೇ.

ಬೀದಿ ಕೊನೇಲಿರೋ ಲಾಂಡ್ರಿ ಹಿಂದಿನ ರೂಮಲ್ಲಿ ಅವಳ ಜಾಗ. ಮುಂದೆ ಕೌಂಟರಲ್ಲಿ ಲಾಂಡ್ರಿ ಆಂಟಿ ಬಟ್ಟೆ ತಗೊಂಡು, ಗಿರಾಕಿ ನಂಬರ್ ಕೂಗಿ, ಪರದೆ ಸಂದಿಯಿಂದ ಒಳಗೆ ಎಸೀತಾರೆ. ಒಳಗೆ ಸೂಜಿ ಬಿಸ್ಕತ್ತಿನ ಹಳೇ ಡಬ್ಬಿಗೆ ಕೈ ಹಾಕಿ, ಕೆಂಪು ದಾರದಲ್ಲಿ ನಂಬರ್ ಬರ್ದಿರೋ ಬಟ್ಟೆ ಪಟ್ಟಿ ಹುಡುಕಿ, ಕಾಲರ್ ಒಳಗೋ ಸೊಂಟದ ಪಟ್ಟೀಲೋ ಹೊಲೀತಾಳೆ. ಹೊಲಿಗೆ ಅಂದ್ರೆ ಎಂಥದ್ದು, ಉದ್ದುದ್ದ ಎರಡು ಹೊಲಿಗೆ, ಕೊನೇಲಿ ಗಂಟಿಲ್ಲ. ಒಂದು ಒಗೆತ ತಡೀಬೇಕು, ಅಷ್ಟೇ. ಇಸ್ತ್ರಿ ಆಗಿ ಗಿರಾಕಿ ಕೈಗೆ ಹೋಗೋ ಮುಂಚೆ ಒಂದು ಎಳೆತ ಎಳೆದ್ರೆ ಪಟ್ಟಿ ಕೈಗೆ ಬರ್ಬೇಕು, ಬಟ್ಟೇಲಿ ತೂತು ಕಾಣಬಾರ್ದು. ಎಂಟು ವರ್ಷದಿಂದ ಇದೇ ಕೆಲಸ. ಕಣ್ಣು ಮುಚ್ಕೊಂಡು ಹೊಲೀತಾಳೆ.

ಮುಖ ನೋಡದೇ ಇದ್ರೂ ಜನ ಮಾತ್ರ ಅವಳಿಗೆ ಗೊತ್ತು. ಬಟ್ಟೆ ಎಲ್ಲಾನೂ ಹೇಳುತ್ತೆ ನೋಡಿ. ಅರವತ್ತೆರಡನೇ ನಂಬರಿನ ಪ್ಯಾಂಟು ವರ್ಷದಿಂದ ವರ್ಷಕ್ಕೆ ಸೊಂಟದಲ್ಲಿ ಒಳಗೆ ಹಿಡಿಸ್ಕೊಂಡು ಬರ್ತಿದೆ, ಅಂದ್ರೆ ಆ ಯಜಮಾನ್ರು ಊಟ ಬಿಡ್ತಾ ಇದಾರೆ. ಎಂಬತ್ತೆಂಟು ನರ್ಸು, ಯೂನಿಫಾರ್ಮಿನ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡ್ಸಿದಾಳೆ, ಅಂದ್ರೆ ಐದನೇ ತಿಂಗಳು. ಇನ್ನೂರಾ ಒಂಬತ್ತರ ದಿಂಬಿನ ಕವರಿಗೆ ಕಣ್ಣಿನ ಕಾಡಿಗೆ ಇಳ್ದಿರುತ್ತೆ, ಪ್ರತೀ ವಾರ. ಪಟ್ಟಿ ಹೊಲೀತಾ ಸೂಜಿ ಬಾಯೊಳಗೇ ಒಂದು ಮಾತು ಹೇಳ್ತಾಳೆ: ಅರವತ್ತೆರಡಕ್ಕೆ ಎರಡು ತುತ್ತು ಜಾಸ್ತಿ ಸೇರ್ಲಿ. ಎಂಬತ್ತೆಂಟಕ್ಕೆ ಸುಸೂತ್ರ ಆಗ್ಲಿ. ಇನ್ನೂರಾ ಒಂಬತ್ತಕ್ಕೆ ಈ ವಾರ ಆದ್ರೂ ನಿದ್ದೆ ಬರ್ಲಿ. ಯಾರಿಗೆ ಹೇಳ್ತಾಳೆ? ದೇವರಿಗೇ ಇರ್ಬೇಕು, ರೂಮಲ್ಲಿ ಇನ್ಯಾರೂ ಇರಲ್ಲ. ಇದನ್ನ ಅವಳು ಯಾರ ಹತ್ರಾನೂ ಹೇಳಿಲ್ಲ. ಇದು ಪ್ರಾರ್ಥನೆ ಅಂತ ಅವಳಿಗೆ ಅನ್ಸಿದ್ದೂ ಇಲ್ಲ. ಪ್ರಾರ್ಥನೆ ಅಂದ್ರೆ ಚರ್ಚಲ್ಲಿ ಮಂಡಿ ಊರಿ ಮಾಡೋದು. ಅಲ್ಲಿ ಅವಳಿಗೆ ಮಂಡಿ ನೋವು ಬಿಟ್ರೆ ಬೇರೇನೂ ಅನ್ಸಲ್ಲ.

ಆ ತಿಂಗಳ ಮೊದಲ್ನೇ ವಾರ ಎರಡು ಸಂಗತಿ ಒಟ್ಟೊಟ್ಟಿಗೇ ಬಂದು ತಲೆ ಮೇಲೆ ಕೂತ್ವು.

ಒಂದು, ಸನ್ಯಾಸಿನಿ ಸಿಸ್ಟರುಗಳ ಮನೆಯಿಂದ ಕಾಗದ. ಅದಕ್ಕೂ ಮುಂಚೆ ಅವಳು ಹತ್ತು ದಿನ ಅಲ್ಲಿದ್ದು ನೋಡ್ಕೊಂಡು ಬಂದಿದ್ಲು. ಕಾಗದದಲ್ಲಿ ನಾಲ್ಕೇ ಸಾಲು. ಮುಂದಿನ ತಿಂಗಳ ಮೊದಲ ಭಾನುವಾರ ಸೇರೋಕೆ ಬರಬಹುದು. ಬಟ್ಟೆ, ಬೆಡ್‌ಶೀಟ್ ಎಲ್ಲ ಬಿಳೀದೇ ಇರ್ಬೇಕು, ಒಂದು ವಾರ ಮೊದ್ಲೇ ಕಳಿಸ್ಬೇಕು, ಪ್ರತಿಯೊಂದಕ್ಕೂ ನಿನ್ನ ನಂಬರ್ ಹೊಲಿದಿರ್ಬೇಕು. ನಿನ್ನ ನಂಬರ್ ಇಪ್ಪತ್ತೇಳು. ಮನಸ್ಸು ಬದಲಾದ್ರೆ ಬರಬೇಡ, ಬಟ್ಟೆ ವಾಪಸ್ ಕಳಿಸ್ತೀವಿ, ಯಾರೂ ಏನೂ ಕೇಳಲ್ಲ.

ಇನ್ನೊಂದು, ಬೀಗದಣ್ಣ.

ಲಾಂಡ್ರಿ ಎದುರಿಗೆ ಬೀಗ ರಿಪೇರಿ ಮಾಡಿ ಕೀ ಮಾಡ್ಕೊಡೋ ಅಂಗಡಿ ಅವನ್ದು. ವಯಸ್ಸು ಮೂವತ್ತೈದು ಇರ್ಬಹುದು. ಚಿಕ್ಕೋರು ದೊಡ್ಡೋರು ಅಂತಿಲ್ಲ, ಬೀದಿಗೆಲ್ಲ ಅವನು ಬೀಗದಣ್ಣ. ಚರ್ಚಲ್ಲಿ ಕಟ್ಟಕಡೇ ಬೆಂಚು. ಲಾಂಡ್ರೀಲಿ ನೂರಾ ಹದಿನಾಲ್ಕನೇ ನಂಬರು. ಸೋಮವಾರ ಎರಡು ಶರಟು ಕೊಡ್ತಾನೆ, ಜೇಬಲ್ಲಿ ಕಬ್ಬಿಣದ ಪುಡಿ, ಎರಡನೇ ಗುಂಡಿ ಯಾವಾಗ್ಲೂ ಕಿತ್ತೋಗಿರುತ್ತೆ. ಶನಿವಾರ ಬಂದು ತಗೊಂಡು ಹೋಗ್ತಾನೆ. ಆ ಶನಿವಾರ ಆಂಟಿ ಟೀ ಕುಡಿಯೋಕೆ ಹೋಗಿದ್ರು, ಸೂಜೀನೇ ಕೌಂಟರಿಗೆ ಬಂದ್ಲು.

"ಈ ಗುಂಡಿ ಹೊಲಿಯೋದು ಆಂಟೀನಾ, ನೀನಾ?" ಅಂದ.

"ನಾನೇ. ಯಾಕೆ, ಸರಿ ಇಲ್ವಾ ಅಣ್ಣ?"

"ಸರಿ ಇದೆ. ಎಲ್ರೂ ಅಣ್ಣ ಅನ್ಲಿ, ನೀನೊಬ್ಬಳು ಮಾತ್ರ ಅನ್ನಬೇಡ, ಕೈ ಮುಗೀತೀನಿ." ಶರಟಿನ ಪೊಟ್ಟಣ ಎತ್ತಿ ಎತ್ತಿ ಇಟ್ಟ. "ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನಿಮ್ಮಣ್ಣನ್ನ ಕೇಳೋ ಮುಂಚೆ ನಿನ್ನ ಕೇಳ್ತಿದೀನಿ. ನನ್ನ ಮದುವೆ ಆಗ್ತೀಯಾ?"

ಸೂಜಿಗೆ ಕೈಲಿದ್ದ ಚೀಟಿ ಎಲ್ಲಿಡೋದು ಅಂತಾನೇ ತಿಳೀಲಿಲ್ಲ. "ನಾನು ಸಿಸ್ಟರ್ ಆಗೋ ವಿಷಯ..." ಅಂದ್ಲು.

"ಗೊತ್ತು. ಬೀದಿಗೆಲ್ಲ ಗೊತ್ತು, ನಿಮ್ಮ ಆಂಟಿ ಬಾಯಿಗೆ ನಾನೂ ಬೀಗ ಮಾಡ್ಲಾರೆ. ನೀನು ಹೋಗೋ ಮುಂಚೆ ಕೇಳದೇ ಇದ್ರೆ ಆಮೇಲೆ ಜೀವಮಾನ ಪೂರ್ತಿ ದೇವರ ಜೊತೆ ಜಗಳ ಆಡ್ಬೇಕಾಗುತ್ತೆ. ಅವನ ಹತ್ರ ಗೆದ್ದೋರಿಲ್ಲ. ಅದಕ್ಕೇ ಕೇಳ್ದೆ. ಆ ಭಾನುವಾರದ ತನಕ ಟೈಮ್ ತಗೋ, ನಾನು ಹಿಂದೆ ಬೀಳಲ್ಲ."

ಹೇಳ್ದಂಗೇ ನಡ್ಕೊಂಡ. ಮತ್ತೆ ಒಂದು ಮಾತು ಎತ್ತಲಿಲ್ಲ.

ಇನ್ನು ಮನೆ ವಿಷಯ. ಎರಡು ರೂಮು, ಅಣ್ಣ, ಅತ್ತಿಗೆ, ಎರಡು ಮಕ್ಕಳು, ಅಮ್ಮ, ಇವಳು. ಕಾಲಿಟ್ಟಲ್ಲಿ ಕಾಲು ಸಿಗುತ್ತೆ. ಒಳಗಿನ ರೂಮಲ್ಲಿ ಅಮ್ಮ ಮಗಳಿಗೆ ಒಂದೇ ಮಂಚ. ಇಷ್ಟು ಜನ ಇಟ್ಕೊಂಡು ಒಂಟಿ ಅಂದ್ರೆ ಯಾರು ನಂಬ್ತಾರೆ? ಆದ್ರೆ ಸೂಜಿ ಒಂಟೀನೇ. ಅಣ್ಣ ಅತ್ತಿಗೆ ಮಾತಾಡ್ತಾ ಕೂತಿದ್ದಾಗ ಇವಳು ಹೋದ್ರೆ ಮಾತು ಅಲ್ಲಿಗೇ ನಿಂತು, "ಏನಾದ್ರೂ ಬೇಕಿತ್ತಾ?" ಅಂತಾರೆ. ಅಷ್ಟೇ, ಬೇರೆ ಕೆಟ್ಟದ್ದೇನಿಲ್ಲ. ಜೊತೇಲಿ ಓದಿದವರಿಗೆಲ್ಲ ಮಕ್ಕಳು, ಫೋನ್ ಮಾಡಿದ್ರೆ "ಒಂದ್ನಿಮಿಷ ಕಣೇ, ಇವನು ಬಿದ್ದ" ಅಂತ ಇಟ್ಟುಬಿಡ್ತಾರೆ. ಭಾನುವಾರ ಪೂಜೆ ಮುಗಿದ್ಮೇಲೆ ಚರ್ಚ್ ಅಂಗಳದಲ್ಲಿ ಗಂಡ ಹೆಂಡ್ತಿ ಮಕ್ಕಳು ಒಂದು ಕಡೆ, ಸಿಸ್ಟರುಗಳು ಸಾಲಾಗಿ ಇನ್ನೊಂದು ಕಡೆ. ಸೂಜಿ ಸೈಕಲ್ ಸ್ಟ್ಯಾಂಡ್ ಹತ್ರ ಅತ್ತಿಗೆಯ ಚೀಲ, ಮಕ್ಕಳ ಸ್ವೆಟರು, ಯಾರದೋ ಛತ್ರಿ ಹಿಡ್ಕೊಂಡು ನಿಂತಿರ್ತಾಳೆ. ಗೋಡೆಗೆ ಹೊಡೆದ ಮೊಳೆ ಹಂಗೆ.

ಈಗ ಎರಡೂ ಕಡೆಯಿಂದ ಬಾ ಅಂತಿದಾರೆ. ಬೇರೆಯವರಾಗಿದ್ರೆ ಕುಣಿದಾಡ್ತಿದ್ರೇನೋ. ಇವಳಿಗೆ ಮಾತ್ರ ಎರಡೂ ಕಡೆ ಒಂದೇ ಥರ ಖಾಲಿ ಖಾಲಿ.

ಯಾಕಂದ್ರೆ ಆ ಹತ್ತು ದಿನದಲ್ಲಿ ಒಂದು ಮಾತು ಆಗಿತ್ತು. ಹೊಸಬರನ್ನ ನೋಡ್ಕೊಳ್ಳೋ ಮದರ್, ದಪ್ಪ ಕನ್ನಡಕದ ಗಟ್ಟಿಗಿತ್ತಿ, ಎದುರಿಗೆ ಕೂರಿಸ್ಕೊಂಡು ಕೇಳಿದ್ರು.

"ಇಲ್ಲಿಗೆ ಯಾಕೆ ಬರಬೇಕು ಅನ್ಸುತ್ತೆ?"

ಸೂಜಿ ಇದ್ದಿದ್ದು ಇದ್ದಂಗೆ ಹೇಳಿದ್ಲು. "ಅಲ್ಲಿ ತುಂಬಾ ಒಂಟಿ ಅನ್ಸುತ್ತೆ ಮದರ್."

"ಇಲ್ಲೂ ಅನ್ಸುತ್ತೆ. ನಲವತ್ತಾರು ಜನದ ಮಧ್ಯ ಕೂತು ಬಾಯಿ ಮುಚ್ಕೊಂಡು ಊಟ ಮಾಡೋವಾಗ ಇನ್ನೂ ಜಾಸ್ತಿ ಅನ್ಸುತ್ತೆ. ಒಂಟಿತನ ಕಳೀಲಿ ಅಂತ ಇಲ್ಲಿಗೆ ಬಂದೋರು ಆರು ತಿಂಗಳಿಗೆ ವಾಪಸ್ ಹೋಗ್ತಾರೆ. ಒಂಟಿತನ ಕಳೀಲಿ ಅಂತ ಮದುವೆ ಆದೋರಿಗೆ ವಾಪಸ್ ಹೋಗೋಕೂ ಆಗಲ್ಲ, ಪಾಪ." ಕನ್ನಡಕ ತೆಗೆದು ಒರೆಸ್ಕೊಂಡ್ರು. "ಬೇರೆ ಕಾರಣ ಇದ್ರೆ ಹುಡುಕ್ಕೊಂಡು ಬಾ. ಇಲ್ಲಾಂದ್ರೆ ಬರಬೇಡ. ಬೈತಿಲ್ಲ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ದೇವರ ಕರೆ ಅಂತಾರಲ್ಲ ಮದರ್, ಅದು ಹೆಂಗೆ ಕೇಳಿಸುತ್ತೆ?"

"ನಿಂಗೆ ಏನಾದ್ರೂ ಕೇಳಿಸಿದ್ಯಾ?"

"ಇಲ್ಲ."

"ಸದ್ಯ. ಕೇಳಿಸ್ತು ಅಂತ ಬರೋರ ಜೊತೆ ಏಗೋದೇ ಕಷ್ಟ," ಅಂದು ಎದ್ದು ಹೋದ್ರು.

ಅವತ್ತಿಂದ ಆ ಬೇರೆ ಕಾರಣ ಹುಡುಕೋದೇ ಕೆಲಸ ಆಯ್ತು. ಸಿಕ್ಕಿರಲಿಲ್ಲ. ಚರ್ಚಲ್ಲಿ ಮಂಡಿ ಊರಿ ಹುಡುಕಿದ್ಲು, ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಹುಡುಕಿದ್ಲು. ಅಲ್ಲಿದ್ದಾಗ ಒಂದೇ ಜಾಗ ಅವಳಿಗೆ ಹಿಡಿಸಿತ್ತು, ಬಟ್ಟೆ ಒಗೆಯೋ ರೂಮು. ಅಲ್ಲೊಬ್ರು ವಯಸ್ಸಾದ ಸಿಸ್ಟರ್, ಒಂದು ಕಿವಿ ಮಂದ, ಎಲ್ರೂ ಕರೆಯೋದು ಒಗೆಯೋ ಸಿಸ್ಟರ್ ಅಂತ. ಗೋಡೆಗೆ ಒಂದರಿಂದ ನಲವತ್ತೇಳರ ತನಕ ನಂಬರ್ ಹಾಕಿದ ಗೂಡುಗಳು, ಒಬ್ಬೊಬ್ರ ಬಟ್ಟೆಗೆ ಒಂದೊಂದು ಗೂಡು. ಇಪ್ಪತ್ತೇಳರಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಮಾತ್ರ.

"ಇದು ಯಾರದ್ದು ಸಿಸ್ಟರ್?"

"ಅಡುಗೆ ನೋಡ್ಕೊಳ್ತಿದ್ಲು. ಹೋದ ವರ್ಷ ತೀರ್ಕೊಂಡ್ಲು. ಒಂದು ವರ್ಷ ಆ ಗೂಡು ಯಾರಿಗೂ ಕೊಡಲ್ಲ, ನಮ್ಮಲ್ಲಿ ಹಂಗೆ."

ಮೂರನೇ ದಿನ ಸೂಜಿ ಆ ರೂಮಿಗೆ ಬಂದು ಸುಮ್ಮನೆ ಅತ್ತಳು. ಸಿಸ್ಟರ್ ಯಾಕೆ ಅಂತ ಕೇಳಲಿಲ್ಲ. ಒಂದು ಬಕೆಟ್ ಕಾಲುಚೀಲ ತಂದು ಮುಂದಿಟ್ಟು, "ಜೋಡಿ ಮಾಡು" ಅಂದ್ರು. ಅಷ್ಟೇ.

ಕಾಗದ ಬಂದ್ಮೇಲೆ ಅಮ್ಮ ಟ್ರಂಕಿಂದ ನಾಲ್ಕು ಬಿಳೀ ಬೆಡ್‌ಶೀಟ್ ತೆಗೆದ್ರು. ಸೂಜಿಗೆ ಹನ್ನೆರಡು ವರ್ಷ ಇದ್ದಾಗ ಅವಳ ಮದುವೆಗೆ ಅಂತ ತಗೊಂಡು ಇಟ್ಟಿದ್ದು. ಹುಡುಗ ಗೊತ್ತಾದ್ಮೇಲೆ ಅಂಚಿಗೆ ಹೂವು ಹಾಕೋಣ ಅಂತ ಬಿಟ್ಟಿದ್ರು. ಹೂವು ಹಾಕೋ ಹೊತ್ತು ಬರಲೇ ಇಲ್ಲ.

"ಬಿಳೀದೇ ಬೇಕು ಅಂತ ಬರ್ದಿದಾರಲ್ಲ, ತಗೋ. ಯಾವುದೋ ಒಂದಕ್ಕೆ ಆಗ್ಲಿ."

"ಅಮ್ಮ, ಇನ್ನೂ ಏನೂ ತೀರ್ಮಾನ ಆಗಿಲ್ಲ."

"ನಾನೇನೂ ಹೇಳಲ್ಲಪ್ಪ." ಅಮ್ಮ ಹಂಗಂದ್ರೆ ಈಗ ಶುರು ಅಂತ ಅರ್ಥ. "ಬೀಗದವನು ಒಳ್ಳೇವನು. ಕುಡಿಯಲ್ಲ. ತಾಯೀನ ಕೊನೇ ತನಕ ನೋಡ್ಕೊಂಡ. ಅವನ ಮನೆ ಇಲ್ಲಿಂದ ಕೂಗಿದ್ರೆ ಕೇಳಿಸುತ್ತೆ. ನಾನೇನೂ ಹೇಳಲ್ಲ, ನಿನ್ನಿಷ್ಟ."

"ಹೇಳಿದ್ದಾಯ್ತಾ?"

"ಆಯ್ತು. ಇನ್ನೊಂದು. ಸಿಸ್ಟರ್ ಆದ್ರೆ ನಾನು ಸತ್ತಾಗ ಕಳಿಸ್ತಾರೋ ಇಲ್ವೋ ಕೇಳ್ಕೋ."

ಕಳಿಸಬೇಕಾದ ಬಟ್ಟೆ ಒಟ್ಟು ಇಪ್ಪತ್ತೆರಡು. ಎಲ್ಲಕ್ಕೂ ಸೂಜಿ ನಂಬರ್ ಹೊಲಿದ್ಲು, ಲಾಂಡ್ರೀಲಿ ಊಟದ ಬಿಡುವಲ್ಲಿ ಕೂತು. ಮನಸ್ಸು ಎಲ್ಲೋ ಇತ್ತು, ಕೈ ಮಾತ್ರ ಓಡ್ತಿತ್ತು. ಶನಿವಾರ ಟ್ರಂಕು ಸಿಸ್ಟರುಗಳ ಮನೆಗೆ ಹೋಯ್ತು. ಮಂಗಳವಾರ ಬೆಳಿಗ್ಗೆ ಒಗೆಯೋ ಸಿಸ್ಟರಿಂದ ಫೋನು. ಕಿವಿ ಮಂದ ಅಲ್ವಾ, ಬೀದಿಗೆ ಕೇಳಿಸೋ ಹಂಗೆ ಮಾತು.

"ಇಪ್ಪತ್ತೇಳಾ? ಒಂದ್ಸಲ ಬಂದು ಹೋಗಮ್ಮ. ನಿನ್ನ ನಂಬರೆಲ್ಲ ಹಂಡೇಲಿ ತೇಲ್ತಾ ಇವೆ."

ಹೊಸ ಬಟ್ಟೆ ಬಂದ್ರೆ ಅಲ್ಲಿ ಮೊದ್ಲು ಸೋಡಾ ಹಾಕಿ ಕುದಿಸ್ತಾರೆ, ಕೋಲಲ್ಲಿ ತಿರುವಿ ತಿರುವಿ. ಹೊಸದಾಗಿ ಸೇರೋ ಮೂರು ಜನರ ಬಟ್ಟೆ ಒಂದೇ ಹಂಡೇಲಿ. ಉಳಿದಿಬ್ಬರ ನಂಬರ್ ಕಲ್ಲಿನಂಗೆ ಕೂತಿದ್ವು. ಇವಳದ್ದು ಇಪ್ಪತ್ತೆರಡೂ ಬಿಟ್ಕೊಂಡು ಮೇಲೆ ಬಂದಿದ್ವು. ಉದ್ದುದ್ದ ಎರಡು ಹೊಲಿಗೆ, ಗಂಟಿಲ್ಲ. ಎಂಟು ವರ್ಷದ ಕೈ, ತಾನು ಹೊಲಿದಿದ್ದು ಗಿರಾಕಿಗೆ ವಾಪಸ್ ಕೊಡೋ ಬಟ್ಟೆ ಅಂದ್ಕೊಂಡು ಹೊಲಿದಿತ್ತು.

"ನಂಬರ್ ಇಲ್ಲದ್ದೆಲ್ಲ ನಿಂದು ಅಂತ ಬೇರೆ ತೆಗೆದಿಟ್ಟೆ," ಅಂದ್ರು ಒಗೆಯೋ ಸಿಸ್ಟರ್, ಸಂಜೆ ಅವಳು ಅಲ್ಲಿಗೆ ಹೋದಾಗ. ಒಣಗಿದ ಬಟ್ಟೆ ಮಡಿಸಿ ಟ್ರಂಕಿಗೆ ತುಂಬಿದ್ರು, ಪಟ್ಟಿಗಳನ್ನ ಒಂದು ಕವರಿಗೆ ಹಾಕಿದ್ರು.

ಸೂಜಿ ಮುಖ ಕೆಂಪಾಗಿತ್ತು. "ಇದು... ಬರಬೇಡ ಅಂತ ಸೂಚನೆನಾ ಸಿಸ್ಟರ್?"

"ಏನು?"

"ಸೂಚನೆನಾ ಅಂದೆ." ಈ ಸಲ ಗಟ್ಟಿಯಾಗಿ.

"ಹೊಲಿಗೆ ಸರಿ ಇಲ್ಲ ಅಂತ ಸೂಚನೆ." ಸಿಸ್ಟರ್ ತಮ್ಮ ಬಟ್ಟೆ ಕತ್ತಿನ ಹತ್ರ ಮಗುಚಿ ತೋರಿಸಿದ್ರು. ಒಂಬತ್ತು. ದಾರದ ಮೇಲೆ ದಾರ, ಮೂರು ನಾಲ್ಕು ಬಣ್ಣದ ಬಿಳಿ. "ನನ್ನದೂ ವರ್ಷಕ್ಕೊಂದ್ಸಲ ಬಿಡುತ್ತೆ. ಮತ್ತೆ ಹೊಲೀತೀನಿ. ಒಂದ್ಸಲ ಹೊಲಿದ್ರೆ ಮುಗೀತು ಅಂತ ಯಾರು ಹೇಳಿದ್ರು ನಿಂಗೆ? ಮನೆಗೆ ತಗೊಂಡು ಹೋಗು. ಬರೋದಾದ್ರೆ ಗಟ್ಟಿ ಹೊಲಿಗೆ ಹಾಕಿ ಜೊತೇಲೇ ತಾ. ಬರಲ್ಲ ಅಂದ್ರೆ ಬೆಡ್‌ಶೀಟ್ ಚೆನ್ನಾಗಿವೆ, ಹಾಸ್ಕೋ."

ಸಿಸ್ಟರ್ ಸೂಚನೆ ಅಲ್ಲ ಅಂದ್ರೇನು, ಬೇರೆ ಎಲ್ರಿಗೂ ಅದು ಸೂಚನೇನೇ ಆಯ್ತು. ಲಾಂಡ್ರಿ ಆಂಟಿ ಹೊಟ್ಟೆ ಹಿಡ್ಕೊಂಡು ನಕ್ಕು, ಆಮೇಲೆ ಗಂಭೀರವಾಗಿ ಹೇಳಿದ್ರು: "ನೋಡೇ, ಬಾಯಿ ಸುಳ್ಳು ಹೇಳುತ್ತೆ, ಕೈ ಹೇಳಲ್ಲ. ನಿನ್ನ ಕೈಗೆ ಇಷ್ಟ ಇಲ್ಲ." ಅತ್ತಿಗೆ ಆಗ್ಲೇ ಸೀರೆ ಬಣ್ಣದ ಲೆಕ್ಕ ಹಾಕ್ತಿದ್ಲು. ಅಮ್ಮ ಪಟ್ಟಿಗಳನ್ನ ಮಂಚದ ಮೇಲೆ ಸುರ್ಕೊಂಡು, ಒಂದೊಂದೇ ಎತ್ತಿ ನೋಡಿ, "ನಾನೇನೂ ಹೇಳಲ್ಲ" ಅಂದ್ರು. ಆ ಒಂದು ಸಲ ನಿಜವಾಗ್ಲೂ ಏನೂ ಹೇಳಲಿಲ್ಲ. ಮುಖ ಮಾತ್ರ ಅರಳಿತ್ತು.

ಸೂಜೀಗೂ ಅರ್ಧ ಹಂಗೇ ಅನ್ಸಿತ್ತು. ಸುಳ್ಳ್ಯಾಕೆ ಹೇಳ್ಬೇಕು, ಅನ್ಸಿತ್ತು. ಬೇರೆ ಕಾರಣ ಹುಡುಕು ಅಂದಿದ್ರು, ಸಿಗಲಿಲ್ಲ. ಕೈ ತಾನಾಗೇ ಉತ್ತರ ಹೇಳಿದ್ರೆ ಒಳ್ಳೇದೇ ಆಯ್ತಲ್ಲ. ಬುಧವಾರ ಸಂಜೆ ಲಾಂಡ್ರಿ ಬಾಗಿಲು ಹಾಕಿದ್ಮೇಲೆ ರಸ್ತೆ ದಾಟಿ ಬೀಗದಂಗಡಿಗೆ ಹೋದ್ಲು. ಹೂಂ ಅಂತಾನೇ ಹೇಳೋಕೆ ಹೋಗಿದ್ದು ಅಂದ್ರೂ ತಪ್ಪಿಲ್ಲ.

ಅಂಗಡಿ ಅಂದ್ರೆ ಬೀರುವಿನಷ್ಟು ಅಗಲ. ಗೋಡೆ ತುಂಬ ಹಲ್ಲು ಕೊರೀದೇ ಇರೋ ಕೀಗಳು ಸಾಲಾಗಿ ನೇತಾಡ್ತಿದ್ವು. ಒಬ್ಬಜ್ಜಿ ಬಾಗಿಲು ಎಳ್ಕೊಂಡು ಕೀ ಒಳಗೇ ಬಿಟ್ಟು ಬಂದಿದ್ರು, ಮಗಳ ಹತ್ರ ಇದ್ದ ಕೀ ತಂದು ಇನ್ನೊಂದು ಮಾಡಿಸ್ಕೊಳ್ತಿದ್ರು. ಸೂಜಿ ಸ್ಟೂಲ್ ಮೇಲೆ ಕೂತು ಕಾದ್ಲು. ಅಜ್ಜಿ ಹೋದ್ರು. ಅವನು ಮೆಷೀನ್ ಆಫ್ ಮಾಡಿ, ಕೈ ಒರೆಸ್ಕೊಂಡು, ಏನೂ ಕೇಳದೇ ನಿಂತ.

ಅವಳು ಹಂಡೆ ಕಥೆ ಹೇಳಿದ್ಲು. ಅವನೂ ನಕ್ಕ, ಚೆನ್ನಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ ತಲೆ ಕೆರ್ಕೊಂಡ.

"ಎಲ್ರೂ ಸೂಚನೆ ಅಂತಿದಾರೆ," ಅಂದ್ಲು ಸೂಜಿ. "ನೀವೇನಂತೀರಾ?"

"ನಂಗೂ ಅದನ್ನ ಹಿಡ್ಕೊಂಡು ಕುಣೀಬೇಕು ಅಂತ ಆಸೆ ಆಗ್ತಿದೆ. ಆದ್ರೆ ಸುಳ್ಳಾಗುತ್ತೆ. ಅದು ಕೈ ಅಭ್ಯಾಸ. ನಾನು ನಮ್ಮನೆ ಬೀಗ ತೆಗೆದ್ರೂ ಕೀ ಹಲ್ಲು ಬೆರಳಲ್ಲಿ ಸವರಿ ನೋಡ್ತೀನಿ, ಸವೆದಿದ್ಯಾ ಅಂತ. ಅಷ್ಟಕ್ಕೇ ನಂಗೆ ಮನೆಗೆ ಹೋಗೋಕೆ ಇಷ್ಟ ಇಲ್ಲ ಅಂತ ಆಗುತ್ತಾ?" ಕೈ ಒರೆಸೋ ಬಟ್ಟೆ ಪಕ್ಕಕ್ಕಿಟ್ಟು ಕೇಳಿದ. "ಆ ಹಿಂದಿನ ರೂಮಲ್ಲಿ ಇಡೀ ದಿನ ಒಬ್ಬಳೇ ಕೂತಿರ್ತೀಯಲ್ಲ, ಏನ್ ಯೋಚನೆ ಮಾಡ್ತಿರ್ತೀಯಾ? ಕೌಂಟರಿಗೆ ಬಂದಾಗೆಲ್ಲ ಕೇಳ್ಬೇಕು ಅನ್ಸುತ್ತೆ. ಪರದೆ ಸಂದೀಲಿ ನೋಡಿದ್ರೆ ನಿನ್ನ ಬಾಯಿ ಆಡ್ತಿರುತ್ತೆ."

ಯಾರಿಗೂ ಹೇಳದೇ ಇದ್ದಿದ್ದನ್ನ ಅವಳು ಅವನಿಗೆ ಹೇಳಿದ್ಲು. ಅರವತ್ತೆರಡರ ಸೊಂಟ, ಎಂಬತ್ತೆಂಟರ ಐದನೇ ತಿಂಗಳು, ಇನ್ನೂರಾ ಒಂಬತ್ತರ ದಿಂಬು. ಹೇಳ್ತಾ ಹೇಳ್ತಾ ಸಂಕೋಚ ಹೋಯ್ತು. ನರ್ಸಿಗೆ ಮೊದಲ್ನೇದು ನಿಲ್ಲಲಿಲ್ಲ ಕಣ್ರೀ, ಯೂನಿಫಾರ್ಮ್ ಮತ್ತೆ ಒಳಗೆ ಹಿಡ್ಸಿ ಕಳ್ಸಿದ್ಲು, ಆ ವಾರ ನಂಗೆ ಊಟ ಸೇರಲಿಲ್ಲ, ಅಂತೆಲ್ಲ. ಅವನು ಸ್ಟೂಲಿನ ಎದುರು ಕುಕ್ಕರಗಾಲಲ್ಲಿ ಕೂತು ಕೇಳ್ತಿದ್ದ.

"ಅವ್ರ್ಯಾರಿಗೂ ಗೊತ್ತಿಲ್ವಾ?"

"ಗೊತ್ತಾದ್ರೆ ಬೇರೆ ಲಾಂಡ್ರಿ ನೋಡ್ಕೊಳ್ತಾರೆ."

ಅವನು ಮುಗುಳ್ನಕ್ಕ. "ಸರಿ, ನೂರಾ ಹದಿನಾಲ್ಕಕ್ಕೆ ಏನು ಬೇಡ್ಕೊಂಡೆ?"

ಸೂಜಿ ಸ್ಟೂಲಿಂದ ಏಳೋಕೆ ಹೋದ್ಲು.

"ಹೇಳು. ಬೈದಿದ್ರೂ ಪರವಾಗಿಲ್ಲ."

"ಬೈದಿಲ್ಲ. ಒಳ್ಳೇ ಹುಡುಗಿ ಒಬ್ಬಳು ಸಿಗ್ಲಿ ಅಂತ. ಗುಂಡಿ ಹೊಲಿಯೋಕಾದ್ರೂ ಮನೇಲಿ ಒಬ್ಬಳು ಬರ್ಲಿ, ಪಾಪ ಒಬ್ರೇ ಇದಾರೆ ಅಂತ."

"ಎಷ್ಟು ದಿನದಿಂದ?"

"ನಿಮ್ಮಮ್ಮ ಹೋದ್ರಲ್ಲ, ಆವಾಗಿಂದ. ಮೂರು ವರ್ಷ."

ಅವನು ಕೆಳಗೆ ಬಿದ್ದಿದ್ದ ಒಂದು ಕೀ ಎತ್ಕೊಂಡು ಅದರ ತೂತಿಗೆ ಬೆರಳು ಸಿಗಿಸ್ಕೊಂಡ. "ಮೂರು ವರ್ಷದಲ್ಲಿ, ಒಂದೇ ಒಂದ್ಸಲ ಆದ್ರೂ, ಆ ಹುಡುಗಿ ಜಾಗದಲ್ಲಿ ನೀನು ಇರಲಿಲ್ವಾ?"

ಅವಳು ಬಾಯಿಗೆ ಬಂದಿದ್ದು ಹೇಳಲಿಲ್ಲ. ನಿಜವಾಗ್ಲೂ ಹುಡುಕಿದ್ಲು. ಸೋಮವಾರ ಸೋಮವಾರ ಹಿಂದಕ್ಕೆ ಹೋಗಿ ನೋಡಿದ್ಲು. ಆ ಹುಡುಗಿಗೆ ಒಂದು ಮುಖ ಇತ್ತು, ಸ್ವಲ್ಪ ದುಂಡುಮುಖ, ನಗೋ ಮುಖ, ಜಡೆ ಹಾಕ್ಕೊಂಡಿರೋಳು. ತನ್ನ ಮುಖ ಅಲ್ಲ.

"ಇಲ್ಲ," ಅಂದ್ಲು. ಆಮೇಲೆ ಅವಳಿಗೇ ಆಶ್ಚರ್ಯ ಆಗೋ ಹಂಗೆ ಇನ್ನೊಂದು ಮಾತು ಹೊರಗೆ ಬಂತು. "ನೀವು ಕೇಳಿದ ಮೇಲೂ ಇಲ್ಲ. ಮಾರನೇ ಸೋಮವಾರ ನಿಮ್ಮ ಶರಟು ಬಂತು. ಪಟ್ಟಿ ಹೊಲಿದೆ, ಅದನ್ನೇ ಬೇಡ್ಕೊಂಡೆ. ಅದರ ಮುಂದಿನ ವಾರಾನೂ. ಈಗ ನೀವು ಕೇಳೋ ತನಕ ನಂಗೇ ಗೊತ್ತಾಗಿರಲಿಲ್ಲ."

ಹೊರಗೆ ಯಾರೋ ಸ್ಕೂಟರ್ ಒದೀತಿದ್ರು, ಸ್ಟಾರ್ಟ್ ಆಗ್ತಿರಲಿಲ್ಲ. ಇಬ್ರೂ ಅದನ್ನೇ ಕೇಳಿಸ್ಕೊಂಡು ಕೂತ್ರು. ಮದರ್ ಹೇಳಿದ್ದ ಆ ಬೇರೆ ಕಾರಣ, ಸೂಜಿ ಇಷ್ಟು ದಿನ ಹುಡುಕ್ತಿದ್ದಿದ್ದು, ಕಾಲ್ಕೆಳಗೇ ಇತ್ತು. ಒಂಟಿತನ ಕಳ್ಕೊಳ್ಳೋಕೆ ಅಂತ ಅವಳು ಆ ಹಿಂದಿನ ರೂಮಲ್ಲಿ ಕೂತಿರಲಿಲ್ಲ. ಅಲ್ಲಿ ಒಂಟಿಯಾಗಿದ್ದಿದ್ರಿಂದಲೇ ಅಷ್ಟು ಜನ ಒಳಗೆ ಬಂದಿದ್ರು. ಅಲ್ಲಿಂದ ಎದ್ದು ಒಬ್ಬರ ಮನೆಗೆ ಹೋಗೋ ಆಸೆ, ಎಷ್ಟು ತಡಕಿದ್ರೂ, ಇರಲಿಲ್ಲ. ಅವನು ಕೆಟ್ಟವನಾಗಿದ್ರೆ ಸುಲಭ ಆಗ್ತಿತ್ತು.

"ಮೂರು ವರ್ಷ ನಂಗೋಸ್ಕರ ಯಾರೋ ಬೇಡ್ಕೊಳ್ತಿದ್ರು ಅಂತ ಈಗ ಗೊತ್ತಾಗ್ತಿದೆ," ಅಂದ ಅವನು. "ಅಮ್ಮ ಹೋದ್ಮೇಲೆ ಯಾರೂ ಇಲ್ಲ ಅಂದ್ಕೊಂಡಿದ್ದೆ." ಎದ್ದು, ಡ್ರಾಯರಿಂದ ಒಂದು ಪುಟ್ಟ ಹಿತ್ತಾಳೆ ಬೀಗ ತೆಗೆದ. "ನಿನ್ನ ಟ್ರಂಕಿಗೆ ಅಂತ ಮಾಡಿದ್ದೆ. ಯಾವ ಕಡೆ ಹೋದ್ರೂ ಟ್ರಂಕಿಗೆ ಬೀಗ ಬೇಕಲ್ವಾ, ಇದಾದ್ರೂ ನಷ್ಟ ಆಗಲ್ಲ ಅಂತ."

"ಅಲ್ಲಿ ಯಾರೂ ಬೀಗ ಹಾಕಂಗಿಲ್ಲ."

"ಅದೂ ಹೋಯ್ತಾ." ಬೀಗ ಮತ್ತೆ ಡ್ರಾಯರಿಗೆ ಹೋಯ್ತು. ಸ್ವಲ್ಪ ಹೊತ್ತು ಅವಳಿಗೆ ಬೆನ್ನು ಹಾಕಿ ನಿಂತಿದ್ದ, ನೇತಾಡ್ತಿದ್ದ ಕೀಗಳನ್ನ ಸುಮ್ಮನೆ ಸರಿ ಮಾಡ್ತಾ. ಆಮೇಲೆ ತಿರುಗಿ ಅಂದ: "ಹೋಗ್ಲಿ ಬಿಡು. ಇನ್ಮೇಲೆ ಅಣ್ಣ ಅನ್ನಬಹುದು."

ಅವಳಿಗೆ ಆ ಮಾತು ಬಾಯಿಗೆ ಬರಲಿಲ್ಲ. "ಬರ್ತೀನಿ" ಅಂದು ಇಳಿದ್ಲು.

ತೀರ್ಮಾನ ಆದ್ಮೇಲೆ ಮನಸ್ಸು ಹಗುರ ಆಗುತ್ತೆ ಅಂತಾರೆ. ಏನೂ ಹಗುರ ಆಗಲಿಲ್ಲ. ಬಸ್‌ಸ್ಟ್ಯಾಂಡಲ್ಲಿ ಯಾರನ್ನೋ ಕಳಿಸಿ ವಾಪಸ್ ಬರೋವಾಗ ಇರುತ್ತಲ್ಲ, ಹಂಗಿತ್ತು. ಬೀದಿ ಅದೇ, ಅಂಗಡಿಗಳು ಅವೇ. ಎಲ್ಲರ ಮನೇಲೂ ದೀಪ ಹಾಕಿದ್ರು.

ಗುರುವಾರ ಲಾಂಡ್ರಿಗೆ ರಜ. ಬೆಳಿಗ್ಗೆ ತಿಂಡಿ ಆದ್ಮೇಲೆ ಸೂಜಿ ಮಂಚದ ಮೇಲೆ ಬಟ್ಟೆ ಹರಡಿ, ದಾರ ಎರಡೆಳೆ ಮಾಡಿ, ಕೊನೆಗೆ ಗಂಟು ಹಾಕಿ ಕೂತ್ಲು. ಅಮ್ಮ ಬಾಗಿಲಲ್ಲಿ ನಿಂತು ನೋಡಿದ್ರು. ಗಂಟು ನೋಡಿದ ಕೂಡ್ಲೇ ತಿಳೀತು. ಒಳಗೆ ಬಂದು ಪಕ್ಕ ಕೂತು, ಒಂದು ಬೆಡ್‌ಶೀಟ್ ಎಳ್ಕೊಂಡು, ಇನ್ನೊಂದು ಸೂಜಿ ತಗೊಂಡ್ರು.

"ನಿಂದು ಇವತ್ತೂ ಲಾಂಡ್ರಿ ಕೈ. ನಾನು ಹಾಕ್ತೀನಿ, ಹರ್ಕೊಂಡ್ರೆ ಬಟ್ಟೆ ಹರೀಬೇಕು, ಹೊಲಿಗೆ ಹರೀಬಾರ್ದು."

"ಕೋಪ ಇದ್ಯಾ ಅಮ್ಮ?"

"ಇದೆ." ಹೊಲಿಗೆ ಮೇಲೆ ಹೊಲಿಗೆ ಹಾಕ್ತಾನೇ ಹೇಳಿದ್ರು. "ರಾತ್ರಿ ನಿದ್ದೇಲಿ ಇನ್ಯಾರನ್ನ ಒದೀಲಿ ನಾನು? ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ."

"ದಿಂಬು ಇಟ್ಕೋ."

"ದಿಂಬು ವಾಪಸ್ ಒದೆಯಲ್ಲ."

ಇಬ್ರೂ ನಕ್ಕರು. ಆಮೇಲೆ ಅಮ್ಮನ ಕಣ್ಣು ಮಂಜಾಯ್ತು. ದಾರ ಮುಗಿದಾಗ ಅವ್ರಿಗೆ ಸೂಜಿ ತೂತು ಕಾಣಲಿಲ್ಲ. ಮಗಳೇ ಪೋಣಿಸಿ ಕೊಟ್ಲು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡೂ ಮುಗೀತು. ಅಮ್ಮ ಹೊಲಿದ ನಾಲ್ಕು ಬೆಡ್‌ಶೀಟಿನ ನಂಬರ್ ಮಾತ್ರ ಬೇರೆ ಥರ ಇತ್ತು. ಇಪ್ಪತ್ತೇಳರ ಸುತ್ತ, ಬಿಳೀ ಮೇಲೆ ಬಿಳೀ ದಾರ, ಹತ್ತಿರದಿಂದ ನೋಡಿದ್ರೆ ಮಾತ್ರ ಕಾಣೋ ಹಂಗೆ, ಸಣ್ಣ ಸಣ್ಣ ಹೂವು.

"ಅಲ್ಲಿ ಹೂವು ನಡೆಯುತ್ತೋ ಇಲ್ವೋ."

"ಆ ಸಿಸ್ಟರಿಗೆ ಕಿವಿ ತಾನೇ ಮಂದ, ಕಣ್ಣಲ್ವಲ್ಲ. ನೋಡಿದ್ರೆ ನೋಡ್ಲಿ."

ಶನಿವಾರ ಲಾಂಡ್ರೀಲಿ ಕೊನೇ ದಿನ. ಆಂಟಿ ಬೆಳಿಗ್ಗೆಯಿಂದ ಮುಖ ಊದಿಸ್ಕೊಂಡಿದ್ರು. "ಹೊಸಬಳು ಸೋಮವಾರ ಬರ್ತಾಳೆ, ಪಟ್ಟಿ ಎಲ್ಲ ಸಾಲಾಗಿ ಜೋಡ್ಸಿಟ್ಟು ಹೋಗು" ಅಂತ ಬಿಟ್ರೆ ಬೇರೆ ಮಾತಿಲ್ಲ. ಸಂಜೆ ಅವನು ಬಂದ. ಕೌಂಟರಲ್ಲಿ ಆಂಟಿ ಇದ್ರು. ಒಳಗಿಂದ ಸೂಜಿಗೆ ಅವನ ದನಿ ಕೇಳಿಸ್ತು, "ಎರಡು ಶರಟು" ಅಂತ, ಯಾವಾಗ್ಲೂ ಹೇಳೋ ಥರಾನೇ. ಆಂಟಿ, "ನೂರಾ ಹದಿನಾಲ್ಕು" ಅಂತ ಕೂಗಿದ್ರು.

ಅವಳು ಶರಟು ತಗೊಂಡ್ಲು. ಎರಡನೇ ಗುಂಡಿ ಎಳೆದು ನೋಡಿದ್ಲು, ಭದ್ರವಾಗಿತ್ತು. ಈ ಸಲ ದಾರ ಸ್ವಲ್ಪ ಜಾಸ್ತೀನೇ ಸುತ್ತಿದ್ಲು. ಕಾಲರ್ ಮಗುಚಿ, ಪಟ್ಟಿ ತುದಿ ಹಿಡ್ದು ಒಂದು ಎಳೆತ ಎಳೆದ್ಲು. ಬಂತು. ತೂತು ಕಾಣಲಿಲ್ಲ. ಶರಟು ಪರದೆ ಸಂದಿಯಿಂದ ಆಚೆ ಹೋಯ್ತು. ಆಂಟಿ ಏನೋ ಹೇಳಿದ್ರು, ಅವನು ಏನೋ ಅಂದ, ಬಾಗಿಲ ಗಂಟೆ ಸದ್ದಾಯ್ತು.

ಪಟ್ಟಿ ಇನ್ನೂ ಕೈಲೇ ಇತ್ತು. ಒಂದು ಕ್ಷಣ, ಇದನ್ನ ಜೊತೇಲಿ ಇಟ್ಕೊಳ್ಲಾ ಅಂತ ಅನ್ಸಿತು. ಇಷ್ಟಗಲದ ಬಟ್ಟೆ, ಯಾರಿಗೆ ಗೊತ್ತಾಗುತ್ತೆ. ಆದ್ರೆ ಸೋಮವಾರ ಹೊಸಬಳು ಡಬ್ಬೀಲಿ ಹುಡುಕ್ತಾಳೆ. ನೂರಾ ಹದಿನಾಲ್ಕು ಸಿಗಲಿಲ್ಲ ಅಂದ್ರೆ ಅವನ ಶರಟು ಇನ್ಯಾರದ್ದೋ ಜೊತೆ ಕಲಸಿ ಹೋಗುತ್ತೆ.

ಬಿಡಿಸಿಕೊಂಡಿದ್ದ ದಾರ ಉದುರಿಸಿ, ಪಟ್ಟೀನ ಬೆರಳಲ್ಲಿ ತೀಡಿ ನೆಟ್ಟಗೆ ಮಾಡಿ, ನೂರಾ ಹದಿಮೂರಕ್ಕೂ ನೂರಾ ಹದಿನೈದಕ್ಕೂ ನಡುವೆ ಇಟ್ಲು. ಬಾಯಿ ಆಡ್ತು. ಅದೇ ಮಾತು, ಅದೇ ದುಂಡುಮುಖದ ಹುಡುಗಿ. ಆಮೇಲೆ ಡಬ್ಬಿ ಮುಚ್ಚಳ ಒತ್ತಿ ಹಾಕಿದ್ಲು.